ಗಣಿತದ ಮೂಲೆ: 12345654321 ಎಂಬ ಹಾರ



ಈ ಸಲ ನಮ್ಮ ಗೋಡೆ ಪತ್ರಿಕೆಯ ಗಣಿತದ ಮೂಲೆ ನನ್ನ ಪಾಲಿಗೆ ಬಂದಿದೆ. ಬಂದಿದೆ ಅನ್ನೂದಕ್ಕಿಂತ ನಾನೇ ಕೇಳಿ ಇಸಗೊಂಡೆ ಅಂದ್ರ ಸರಿ ಆಗತೈತಿ. ಯಾಕಂದ್ರ ನಾನು ಒಂದು ತಪ್ಪು ಮಾಡಿದ್ದೇನೆ. ಅದನ್ನು ಎಲ್ಲರ ಮುಂದೆ ಒಪ್ಪಿಕೊಳ್ಳಬೇಕಾಗಿದೆ. ಒಪ್ಪಿಕೊಳ್ಳುತ್ತಾ ಒಂದು ದೊಡ್ಡ ಸಂಖ್ಯೆಯ ಪಾಠವನ್ನೂ ಹೇಳುತ್ತೇನೆ.

ಕಳೆದ ತಿಂಗಳು ಬೆಳಗಾವಿಯಲ್ಲಿ ನಡೆದ ರಸಪ್ರಶ್ನೆ ಸ್ಪರ್ಧೆಗೆ ನಮ್ಮ ಶಾಲೆಯಿಂದ ಇಬ್ಬರು ಹೋಗಿದ್ದೆವು. ಒಂಬತ್ತನೇ ತರಗತಿಯಿಂದ ನಾನು, ಹತ್ತನೇ ತರಗತಿಯಿಂದ ಒಬ್ಬ ಅಕ್ಕ. ಕೊನೆಯ ಸುತ್ತಿನಲ್ಲಿ ನಾವೂ ಇನ್ನೊಂದು ಶಾಲೆಯವರೂ ಸಮ ಸಮ ಇದ್ದೆವು. ಆಗ ಒಂದೇ ಒಂದು ಪ್ರಶ್ನೆ ಬಂತು. "111111 ಅವಿಭಾಜ್ಯ ಸಂಖ್ಯೆಯೇ, ಅಲ್ಲವೇ?" ಯಾರು ಮೊದಲು ಗಂಟೆ ಒತ್ತುತ್ತಾರೋ ಅವರಿಗೆ ಅವಕಾಶ.

ನಾನು ಒತ್ತಿದೆ. ಪಕ್ಕದಲ್ಲಿದ್ದ ಅಕ್ಕನನ್ನು ಕೇಳಲೂ ಇಲ್ಲ. ಮನಸ್ಸಿನಲ್ಲಿ ಹೀಗೆ ಲೆಕ್ಕ ಹಾಕಿದ್ದೆ: ಕೊನೆಯ ಅಂಕಿ ಒಂದು, ಹಂಗಾದ್ರ ಎರಡರಿಂದ ಹೋಗೂದಿಲ್ಲ, ಐದರಿಂದ ಹೋಗೂದಿಲ್ಲ. 11 ಅವಿಭಾಜ್ಯ ಅಂತ ಗೊತ್ತೇ ಇದೆ. ಇದೂ ಅದರ ಅಣ್ಣ ತಮ್ಮ ಇದ್ದಂಗ ಕಾಣತೈತಿ. "ಅವಿಭಾಜ್ಯ" ಅಂದುಬಿಟ್ಟೆ. ತಪ್ಪಾಯಿತು. ಎದುರಿನವರು ಗೆದ್ದರು. ನಮ್ಮ ಶಾಲೆಯ ಗ್ರಂಥಾಲಯಕ್ಕೆ ಬರಬಹುದಾಗಿದ್ದ ಬಹುಮಾನದ ಪುಸ್ತಕಗಳು ಬರಲಿಲ್ಲ. ಅಕ್ಕನಿಗೆ ಇದು ಶಾಲೆಯ ಕೊನೆಯ ವರ್ಷ. ಅವಳು ಮುಂದಿನ ಸಲ ಹೋಗುವ ಹಾಗಿಲ್ಲ.

ಸಂಜೆ ಪ್ಯಾಸೆಂಜರ್ ರೈಲಿನಲ್ಲಿ ಖಾನಾಪುರಕ್ಕೆ ಹೊರಟೆವು. ಅಕ್ಕ ಮಾತಾಡಲಿಲ್ಲ. ಕಿಟಕಿಯ ಕಡೆ ನೋಡುತ್ತಾ ಕೂತಿದ್ದಳು. ದೇಸೂರು ಸ್ಟೇಷನ್ ಬಂದಾಗ ಒಂದೇ ಮಾತು ಕೇಳಿದಳು: "ಅಂಕಿ ಕೂಡಿಸಿ ನೋಡಿದ್ದೇನು?"

ನಾನು ಕೂಡಿಸಿ ನೋಡಿರಲಿಲ್ಲ. ಆರು ಒಂದುಗಳನ್ನು ಕೂಡಿಸಿದರೆ 6. ಆರು ಮೂರರಿಂದ ಭಾಗವಾಗುತ್ತದೆ. ಅಂದ ಮೇಲೆ 111111 ಕೂಡಾ ಮೂರರಿಂದ ಭಾಗವಾಗಲೇಬೇಕು. ಇದು ಆರನೇ ತರಗತಿಯ ಪಾಠ! ನನಗೆ ಅಲ್ಲೇ ಇಳಿದು ಹೋಗಿಬಿಡಬೇಕು ಅನ್ನಿಸಿತು.

ರೈಲಿನಲ್ಲಿ ಮಾಡಿದ ಲೆಕ್ಕ

ನೋಟುಬುಕ್ಕಿನ ಹಿಂದಿನ ಹಾಳೆಯ ಮೇಲೆ ಭಾಗಿಸಿದೆ.

111111 ÷ 3 = 37037

ಈ ಉತ್ತರವನ್ನು ಬಾಯಿಂದ ಓದಿ ನೋಡಿರಿ: ಮೂವತ್ತೇಳು ಸಾವಿರದ ಮೂವತ್ತೇಳು. ಅಂದರೆ ಒಂದು ಸಾವಿರ ಮೂವತ್ತೇಳುಗಳು, ಮೇಲೆ ಇನ್ನೊಂದು ಮೂವತ್ತೇಳು. ಒಟ್ಟು 1001 ಮೂವತ್ತೇಳುಗಳು.

37037 = 37 × 1001

ಇನ್ನು 1001 ಉಳಿಯಿತು. ಇದೂ ನೋಡಲಿಕ್ಕೆ ಒಡೆಯದ ಹಂಗ ಕಾಣುತ್ತದೆ. ಈ ಸಲ ನಾನು ನೋಟವನ್ನು ನಂಬಲಿಲ್ಲ. ಏಳರಿಂದ ಭಾಗಿಸಿದೆ, 143 ಬಂತು. 143 ಅಂದರೆ 11 × 13.

ಹೀಗೆ ಇದಲಹೊಂಡ ಸ್ಟೇಷನ್ ದಾಟುವ ಹೊತ್ತಿಗೆ ಹಾಳೆಯ ಮೇಲೆ ಇದು ಇತ್ತು:

111111 = 3 × 7 × 11 × 13 × 37

ಒಂದಲ್ಲ, ಎರಡಲ್ಲ, ಐದು ಅವಿಭಾಜ್ಯ ಅಪವರ್ತನಗಳು! ನಾನು "ಒಡೆಯುವುದಿಲ್ಲ" ಅಂದ ಸಂಖ್ಯೆ ಐದು ಚೂರಾಗಿ ಕೈಗೆ ಬಂತು. ಹಾಳೆಯನ್ನು ಅಕ್ಕನ ಕಡೆ ಸರಿಸಿದೆ. ನೋಡಿದಳು, ಏನೂ ಅನ್ನಲಿಲ್ಲ. ಆದರೆ ಹಾಳೆಯನ್ನು ಬಹಳ ಹೊತ್ತು ಕೈಯಲ್ಲಿ ಹಿಡಕೊಂಡಿದ್ದಳು.

ಹಂಚಿನ ಸಾಲು

ಅಪವರ್ತನ ಅಂದರೇನು ಅಂತ ಸಣ್ಣ ತರಗತಿಯವರು ಕೇಳಬಹುದು. ನಮ್ಮ ಖಾನಾಪುರದ ಮಣ್ಣು ಹಂಚಿಗೂ ಮಡಕೆಗೂ ಹೆಸರಾದದ್ದು. ನಮ್ಮಪ್ಪ ಹಂಚಿನ ಕೆಲಸ ಮಾಡುವವರು. ಅವರು ಹಂಚು ಎಣಿಸುವುದು ಒಂದೊಂದಾಗಿ ಅಲ್ಲ. ಸಾಲು ಹಚ್ಚುತ್ತಾರೆ, ಸಾಲಿಗೆ ಇಷ್ಟು, ಸಾಲು ಇಷ್ಟು ಅಂತ ಗುಣಿಸುತ್ತಾರೆ. ಎಲ್ಲ ಸಾಲೂ ತುಂಬಿ ಒಂದು ಹಂಚೂ ಉಳಿಯಲಿಲ್ಲ ಅಂದರೆ ಸಾಲಿನ ಅಳತೆ ಆ ಸಂಖ್ಯೆಯ ಅಪವರ್ತನ. ಒಂದು ಹಂಚು ಉಳಿದರೂ ಅಲ್ಲ.

111111 ಹಂಚು ಇವೆ ಅಂತ ತಿಳಿಯಿರಿ. ಸಾಲಿಗೆ 37ರಂತೆ ಇಟ್ಟರೆ 3003 ಸಾಲು, ಏನೂ ಉಳಿಯುವುದಿಲ್ಲ. ಸಾಲಿಗೆ 21ರಂತೆ ಇಟ್ಟರೆ 5291 ಸಾಲು. ಈ 21 ಮತ್ತು 5291ನ್ನು ನೆನಪಿನಲ್ಲಿ ಇಟ್ಟುಕೊಳ್ಳಿರಿ. ಮುಂದೆ ಒಂದು ದೊಡ್ಡ ಕಡೆ ಇವು ಬೇಕಾಗುತ್ತವೆ.

ಅಪ್ಪನಿಗೆ ರಸಪ್ರಶ್ನೆಯ ಸುದ್ದಿ ಹೇಳಿದೆ. ಬೈಯಲಿಲ್ಲ. "ದೂರದಿಂದ ನೋಡಿ ಗೂಡಿನ ಹಂಚು ಎಷ್ಟ ಅಂತ ಹೇಳಿದ್ರ ಯಾರ್ ರೊಕ್ಕಾ ಕೊಡ್ತಾರ? ಹಚ್ಚಿ ನೋಡ್ಬೇಕ" ಅಂದರು.

ಸಾವಿರ ವರ್ಷಕ್ಕೂ ಹಿಂದಿನ ಲೆಕ್ಕ

ಮರುದಿನ ಗಣಿತದ ಗುರುಗಳಿಗೆ ಹಾಳೆ ತೋರಿಸಿದೆ. ಅವರು ನೋಡಿ ನಕ್ಕು, "ನೀ ಸೋತದ್ದು ಭಾರೀ ಹಳೇ ಸಂಖ್ಯೆಯ ಕೈಯಾಗ" ಅಂದರು. ಆಮೇಲೆ ಕರಿಹಲಗೆಯ ಮೇಲೆ ಇದನ್ನು ಬರೆದರು:

27994681 × 441

"ಮಾಡು" ಅಂದರು. ನಾಲ್ಕುನೂರರಿಂದ ಗುಣಿಸಿದೆ, 11197872400. ನಲವತ್ತೊಂದರಿಂದ ಗುಣಿಸಿದೆ, 1147781921. ಎರಡನ್ನೂ ಕೂಡಿಸಿದೆ. ಉತ್ತರ ನೋಡಿ ಇಡೀ ವರ್ಗವೇ ಹೋ ಅಂತು.

12345654321

ಒಂದರಿಂದ ಆರರವರೆಗೆ ಮೆಟ್ಟಿಲು ಹತ್ತಿ, ಮತ್ತೆ ಅದೇ ಮೆಟ್ಟಿಲು ಇಳಿದು ಬಂದ ಸಂಖ್ಯೆ! ಓದುವುದು ಹೀಗೆ: ಒಂದು ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ, ಐವತ್ತಾರು ಲಕ್ಷ, ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು. ಎಡದಿಂದ ಓದಿದರೂ ಬಲದಿಂದ ಓದಿದರೂ ಅಂಕಿಗಳು ಅವೇ. "ವಿಕಟಕವಿ" ಎಂಬ ಶಬ್ದ ಇದ್ದ ಹಾಗೆ.

ಈ ಲೆಕ್ಕವನ್ನು ಹಾಕಿಕೊಟ್ಟವರು ಮಹಾವೀರಾಚಾರ್ಯರು. ಸುಮಾರು ಕ್ರಿ.ಶ. 850ರ ಹೊತ್ತಿಗೆ ಅವರು ಸಂಸ್ಕೃತದಲ್ಲಿ 'ಗಣಿತಸಾರ ಸಂಗ್ರಹ' ಎಂಬ ಗ್ರಂಥ ಬರೆದರು. ಆಗ ನಮ್ಮ ನಾಡನ್ನು ಆಳುತ್ತಿದ್ದವನು ರಾಷ್ಟ್ರಕೂಟರ ದೊರೆ ಅಮೋಘವರ್ಷ ನೃಪತುಂಗ. ರಾಜಧಾನಿ ಮಾನ್ಯಖೇಟ, ಅಂದರೆ ಈಗಿನ ಕಲಬುರಗಿ ಜಿಲ್ಲೆಯ ಮಳಖೇಡ. ಗ್ರಂಥದ ಆರಂಭದಲ್ಲಿ ಮಹಾವೀರಾಚಾರ್ಯರು ಈ ದೊರೆಯನ್ನು ಹೊಗಳಿದ್ದಾರೆ. ಅದೇ ನೃಪತುಂಗನ ಆಸ್ಥಾನದ 'ಕವಿರಾಜಮಾರ್ಗ'ದಲ್ಲಿ ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಹೇಳಿದ ಒಕ್ಕುಂದ ನಮ್ಮ ಬೆಳಗಾವಿ ಜಿಲ್ಲೆಯಲ್ಲೇ ಇದೆ. ಹಂಗಾಗಿ ಮಹಾವೀರಾಚಾರ್ಯರು ನಮಗೇನು ದೂರದವರಲ್ಲ.

ಅವರ ಗ್ರಂಥದಲ್ಲಿ ಸಂಖ್ಯೆಯ ಸ್ಥಾನಗಳಿಗೆ 24 ಹೆಸರುಗಳಿವೆ. ಕೊನೆಯದು ಮಹಾಕ್ಷೋಭ, ಅಂದರೆ ಒಂದರ ಮುಂದೆ 23 ಸೊನ್ನೆ. ಗುಣಾಕಾರದ ಭಾಗದಲ್ಲಿ ಉತ್ತರ ಚಂದ ಬರುವಂಥ ಲೆಕ್ಕಗಳನ್ನೇ ಆರಿಸಿ ಕೊಟ್ಟಿದ್ದಾರೆ. ಅಂಥ ಉತ್ತರಗಳನ್ನು ಅವರು ಕೊರಳಿಗೆ ಹಾಕುವ ಹಾರಕ್ಕೆ ಹೋಲಿಸುತ್ತಾರೆ. ಹಾರವನ್ನು ಯಾವ ಕಡೆಯಿಂದ ಎಣಿಸಿದರೂ ಮಣಿಗಳ ಕ್ರಮ ಅದೇ ಅಲ್ಲವೇ? ಅವರ ಇನ್ನೆರಡು ಹಾರಗಳು ಇಲ್ಲಿವೆ, ನೀವೇ ಮಾಡಿ ನೋಡಿರಿ:

139 × 109 = 15151
152207 × 73 = 11111111

ಈ ಗ್ರಂಥವನ್ನು 1912ರಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಂದಿಗೆ ಮದ್ರಾಸಿನಲ್ಲಿ ಅಚ್ಚು ಹಾಕಿಸಿದರು. ಕನ್ನಡದಲ್ಲಿ ಗಣಿತ ಬರೆದವರಲ್ಲಿ ಮೊದಲಿಗನೆಂದು ಹೇಳುವ ರಾಜಾದಿತ್ಯ 12ನೆಯ ಶತಮಾನದವನು. ಅವನ ಊರು ಪೂವಿನಬಾಗೆ. ಅದು ನಮ್ಮ ಜಿಲ್ಲೆಯ ರಾಯಬಾಗವೇ ಎಂದು ವಿದ್ವಾಂಸರು ಗುರುತಿಸುತ್ತಾರೆ.

ಮೆಟ್ಟಿಲು ಏಕೆ ಬರುತ್ತದೆ?

ಚಂದ ಇದೆ ಅಂತ ಬಿಟ್ಟರೆ ಅದು ಪಾಠ ಆಗುವುದಿಲ್ಲ. ಏಕೆ ಹೀಗೆ ಅಂತ ಕೇಳಬೇಕು. ಉತ್ತರ ನಾನು ಸೋತ ಸಂಖ್ಯೆಯಲ್ಲಿಯೇ ಇದೆ. 12345654321 ಅಂದರೆ 111111ರ ವರ್ಗ! 111111ನ್ನು ಅದರಿಂದಲೇ ಗುಣಿಸೋಣ.

111111 × 1 = 111111
111111 × 10 = 1111110
111111 × 100 = 11111100
111111 × 1000 = 111111000
111111 × 10000 = 1111110000
111111 × 100000 = 11111100000

ಈ ಆರನ್ನೂ ಒಂದರ ಕೆಳಗೊಂದು ಬಿಡಿ ಸ್ಥಾನ ಸರಿಯಾಗಿ ಬರೆದು ಕೂಡಿಸಿರಿ. ಬಿಡಿ ಸ್ಥಾನದಲ್ಲಿ ಒಂದೇ ಒಂದು 1 ಇದೆ. ಹತ್ತರ ಸ್ಥಾನದಲ್ಲಿ ಎರಡು, ನೂರರಲ್ಲಿ ಮೂರು, ಹೀಗೆ ಲಕ್ಷದ ಸ್ಥಾನದಲ್ಲಿ ಆರೂ ಬಂದು ಸೇರುತ್ತವೆ. ಅಲ್ಲಿಂದ ಮುಂದೆ ಮೇಲಿನ ಸಾಲುಗಳು ಒಂದೊಂದಾಗಿ ಮುಗಿಯುತ್ತವೆ, ಹಂಗಾಗಿ ಐದು, ನಾಲ್ಕು, ಮೂರು, ಎರಡು, ಒಂದು. ಎಲ್ಲಿಯೂ ಮೊತ್ತ ಹತ್ತು ಆಗುವುದಿಲ್ಲ, ದಶಕ ಹೋಗುವುದಿಲ್ಲ. ಅದಕ್ಕೇ ಮೆಟ್ಟಿಲು ಕೆಡುವುದಿಲ್ಲ.

ಒಂಬತ್ತು ಒಂದುಗಳ ತನಕ ಇದು ನಡೆಯುತ್ತದೆ. 111111111ರ ವರ್ಗ 12345678987654321. ಆದರೆ ಹತ್ತು ಒಂದುಗಳನ್ನು ತಗೊಂಡರೆ ನಡುವಿನ ಸ್ಥಾನದಲ್ಲಿ ಹತ್ತು ಬಂದು ದಶಕ ಎಡಕ್ಕೆ ಹಾರುತ್ತದೆ. ಆಗ ಉತ್ತರ 1234567900987654321. ನೋಡಿರಿ, ಏರುವ ಕಡೆ 8 ಮಾಯವಾಗಿ ಹಾರ ಹರಿಯಿತು.

ಸಂಖ್ಯೆಯ ಒಳಗೆ

111111ರ ಐದು ಅಪವರ್ತನಗಳು ನಮಗೆ ಗೊತ್ತು. ವರ್ಗ ಅಂದ ಮೇಲೆ ಪ್ರತಿಯೊಂದೂ ಎರಡೆರಡು ಸಲ ಬರುತ್ತದೆ.

12345654321 = 3 × 3 × 7 × 7 × 11 × 11 × 13 × 13 × 37 × 37

ಈಗ ಮಹಾವೀರಾಚಾರ್ಯರ ಲೆಕ್ಕದ ಗುಟ್ಟು ಬಯಲಾಗುತ್ತದೆ. 441 ಅಂದರೆ 21ರ ವರ್ಗ, 21 ಅಂದರೆ 3 × 7. ಉಳಿದ 11 × 13 × 37 ಅಂದರೆ 5291. ಅದರ ವರ್ಗ 27994681. ಹಂಚಿನ ಸಾಲಿನಲ್ಲಿ ಸಿಕ್ಕ 21 ಮತ್ತು 5291 ಇವೇ!

ಗುಟ್ಟು ತಿಳಿದ ಮೇಲೆ ನಾವೂ ಹಾರ ಮಾಡಬಹುದು. ಐದು ಅಪವರ್ತನಗಳನ್ನು ಬೇರೆ ರೀತಿ ಎರಡು ಪಾಲು ಮಾಡಿ, ಎರಡರ ವರ್ಗ ತೆಗೆದು ಗುಣಿಸಿದರೆ ಆಯಿತು.

3 × 37 = 111, ಉಳಿದದ್ದು 1001. ಆದ್ದರಿಂದ 12321 × 1002001 = 12345654321
11 ಒಂದು ಕಡೆ, ಉಳಿದದ್ದು 10101. ಆದ್ದರಿಂದ 121 × 102030201 = 12345654321

ಸಣ್ಣ ಹಾರವನ್ನು ಹಾರದಿಂದ ಗುಣಿಸಿದರೆ ದೊಡ್ಡ ಹಾರ!

ಇನ್ನು ಕೆಲವು ಪರೀಕ್ಷೆಗಳು. ಸಾಮಾನ್ಯ ಕ್ಯಾಲ್ಕುಲೇಟರಿನ ಎಂಟು ಮನೆಗಳಲ್ಲಿ ಈ ಹನ್ನೊಂದು ಅಂಕಿ ಹಿಡಿಯುವುದಿಲ್ಲ. ಆದರೆ ಈ ಪರೀಕ್ಷೆಗಳಿಗೆ ಯಂತ್ರ ಬೇಕಾಗಿಲ್ಲ.

ಒಂದು. ಅಂಕಿಗಳ ಮೊತ್ತ: 1+2+3+4+5+6+5+4+3+2+1 = 36. ಇದು 9ರಿಂದ ಭಾಗವಾಗುತ್ತದೆ, ಆದ್ದರಿಂದ ಸಂಖ್ಯೆಯೂ ಭಾಗವಾಗುತ್ತದೆ. (ಅಕ್ಕ ರೈಲಿನಲ್ಲಿ ಕೇಳಿದ್ದು ಈ ಪರೀಕ್ಷೆಯನ್ನೇ.)

ಎರಡು. ಬಲದಿಂದ ಮೂರು ಮೂರು ಅಂಕಿಗಳ ಗುಂಪು ಮಾಡಿರಿ: 12, 345, 654, 321. ಬಲದಿಂದ ಶುರು ಮಾಡಿ ಒಂದನ್ನು ಕೂಡಿಸಿ, ಮುಂದಿನದನ್ನು ಕಳೆಯುತ್ತಾ ಹೋಗಿರಿ: 321 − 654 + 345 − 12 = 0. ಸೊನ್ನೆ ಬಂದರೆ, ಅಥವಾ 1001ರಿಂದ ಭಾಗವಾಗುವ ಉತ್ತರ ಬಂದರೆ, ಸಂಖ್ಯೆ 7, 11, 13 ಮೂರರಿಂದಲೂ ಭಾಗವಾಗುತ್ತದೆ. ಯಾಕಂದ್ರ 1001 = 7 × 11 × 13, ಮತ್ತು ಸಾವಿರ ಅಂದರೆ 1001ಕ್ಕೆ ಒಂದು ಕಡಿಮೆ. ಬಂದ ಉತ್ತರ 7ರಿಂದ ಮಾತ್ರ ಹೋದರೆ ಸಂಖ್ಯೆಯೂ ಮೂರರಲ್ಲಿ 7ರಿಂದ ಮಾತ್ರ ಹೋಗುತ್ತದೆ. 11ಕ್ಕೂ 13ಕ್ಕೂ ಹಂಗೇ.

ಮೂರು. ಅದೇ ಗುಂಪುಗಳನ್ನು ಬರೀ ಕೂಡಿಸಿರಿ: 321 + 654 + 345 + 12 = 1332. ಇದು 37 × 36. ಆದ್ದರಿಂದ ಸಂಖ್ಯೆ 37ರಿಂದ ಭಾಗವಾಗುತ್ತದೆ. ಕಾರಣ 999 = 27 × 37, ಮತ್ತು ಸಾವಿರ ಅಂದರೆ 999ಕ್ಕೆ ಒಂದು ಹೆಚ್ಚು.

ಕೊನೆಯ ಪ್ರಶ್ನೆ: ಇಷ್ಟು ಹಂಚುಗಳಿದ್ದರೆ ಎಷ್ಟು ಅಳತೆಯ ಸಾಲುಗಳಲ್ಲಿ ಸರಿಯಾಗಿ ಹಚ್ಚಬಹುದು? ಪ್ರತಿ ಅವಿಭಾಜ್ಯವನ್ನು ನಾವು ತಗೊಳ್ಳದೆ ಇರಬಹುದು, ಒಂದು ಸಲ ತಗೊಳ್ಳಬಹುದು, ಎರಡು ಸಲ ತಗೊಳ್ಳಬಹುದು. ಮೂರು ದಾರಿ. ಐದು ಅವಿಭಾಜ್ಯಗಳಿಗೆ 3 × 3 × 3 × 3 × 3 = 243. ಅಂದರೆ ಈ ಸಂಖ್ಯೆಗೆ 243 ಅಪವರ್ತನಗಳಿವೆ.

11ರ ಅಣ್ಣತಮ್ಮಂದಿರು

ಬರೀ ಒಂದುಗಳ ಸಂಖ್ಯೆಗಳೆಲ್ಲ ಹೀಗೇ ಒಡೆಯುತ್ತವೆಯೇ? ಇಲ್ಲ. ಇಲ್ಲಿ ನೋಡಿರಿ.

11 ಅವಿಭಾಜ್ಯ
111 = 3 × 37
1111 = 11 × 101
11111 = 41 × 271
111111 = 3 × 7 × 11 × 13 × 37
1111111 = 239 × 4649

11ರ ನಂತರ ಅವಿಭಾಜ್ಯವಾಗುವುದು ಹತ್ತೊಂಬತ್ತು ಒಂದುಗಳ ಸಂಖ್ಯೆ. ಅದಾದ ಮೇಲೆ ಇಪ್ಪತ್ಮೂರು ಒಂದುಗಳದು. ಎಲ್ಲವೂ ನೋಡಲಿಕ್ಕೆ ಒಂದೇ ತರಹ, ಒಳಗೆ ಮಾತ್ರ ಬೇರೆ ಬೇರೆ. 11ನ್ನು ನೋಡಿ 111111ರ ಬಗ್ಗೆ ಹೇಳಿದ್ದೇ ನನ್ನ ತಪ್ಪು.

ನಿಮಗಾಗಿ ಲೆಕ್ಕ

1) ನಮ್ಮ ಖಾನಾಪುರದ ಪಿನ್ ಕೋಡ್ 591302. ಪಿನ್ ಕೋಡ್ ಪದ್ಧತಿ ಶುರುವಾದದ್ದು 1972ರ ಆಗಸ್ಟ್ 15ರಂದು. ಆವತ್ತಿನಿಂದ ಎಷ್ಟು ಕಾಗದಗಳ ಮೇಲೆ ನಾವು ಆರು ಅಂಕಿ ಬರೆದಿಲ್ಲ! ಇದನ್ನು ಅವಿಭಾಜ್ಯ ಅಪವರ್ತನಗಳಾಗಿ ಒಡೆಯಿರಿ. ಸುಳಿವು: 11111ರ ಒಂದು ಅಪವರ್ತನ ಇದರಲ್ಲೂ ಅಡಗಿದೆ.

2) ಬೆಳಗಾವಿಯ ಪಿನ್ ಕೋಡ್ 590001. ಇದನ್ನೂ ಒಡೆಯಿರಿ. ಸುಳಿವು: ಮೊದಲು ಅಂಕಿ ಕೂಡಿಸಿರಿ. ಆಮೇಲೆ ತಾಳ್ಮೆ ಇರಲಿ, 200ರ ಹತ್ತಿರದ ತನಕ ಹುಡುಕಬೇಕು.

3) 91 × 1221 ಎಷ್ಟು? ಅದರಿಂದ ಮಹಾವೀರಾಚಾರ್ಯರಂತೆ ಒಂದು ಹೊಸ ಹಾರದ ಲೆಕ್ಕ ಮಾಡಿರಿ.

ಉತ್ತರಗಳನ್ನು ಈ ಹಾಳೆಯ ಕೆಳತುದಿ ಮಡಚಿ ಒಳಗೆ ಬರೆದಿದ್ದೇನೆ. ಮಾಡಿದ ಮೇಲೆ ಬಿಚ್ಚಿರಿ, ಮೊದಲೇ ಬಿಚ್ಚಬೇಡಿರಿ.

ಇನ್ನೊಂದು ಮಾತು. ಈ ಲೇಖನವನ್ನು ಹಾಳೆಗೆ ಇಳಿಸುವ ಮೊದಲು ಅಕ್ಕನಿಗೆ ತೋರಿಸಿದೆ. ನಾನು ಅಪವರ್ತನಗಳು 242 ಅಂತ ಬರೆದಿದ್ದೆ. ಅವಳು ಪೆನ್ಸಿಲಿನಿಂದ ಅದರ ಸುತ್ತ ಗೆರೆ ಎಳೆದು, "ಯಾವುದನ್ನೂ ತಗೊಳ್ಳದಿದ್ರ 1 ಬರತೈತಿ. ಒಂದನ್ನ ಬಿಟ್ಟೀಯಲ್ಲ" ಅಂದಳು. ಈ ಸಲ ಗಂಟೆ ಒತ್ತುವ ಮೊದಲು ಕೇಳಿದ್ದು ಚಲೋ ಆತು. ಅಕ್ಕಾ, ಆವತ್ತೂ ಕೇಳಬೇಕಾಗಿತ್ತು. ತಪ್ಪಾಯಿತು.

ಲೇಖನದಲ್ಲಿ ಇನ್ನೂ ತಪ್ಪು ಕಂಡರೆ ಯಾರಾದರೂ ಸರಿ, ಪಕ್ಕದಲ್ಲಿ ಪೆನ್ಸಿಲಿನಿಂದ ಬರೆಯಿರಿ.

(ಮಡಚಿದ ಭಾಗ)
1) 591302 = 2 × 41 × 7211. 7211 ಅವಿಭಾಜ್ಯ. ಅದರ ವರ್ಗಮೂಲ 85ಕ್ಕಿಂತ ಕಡಿಮೆ, ಆದ್ದರಿಂದ 83ರ ತನಕದ ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು. ನಾನು ಎಲ್ಲವನ್ನೂ ಭಾಗಿಸಿ ನೋಡಿದ್ದೇನೆ, ಈ ಸಲ ಬರೀ ನೋಡಿ ಹೇಳಿಲ್ಲ.
2) 590001 = 3 × 193 × 1019.
3) 91 × 1221 = 111111. ಆದ್ದರಿಂದ 8281 × 1490841 = 12345654321.